ಶಕ್ತಿ ಮಾತ್ರೆಯ ಡಬ್ಬಿ

ಫೆಬ್ರವರಿ 5, ಸೋಮವಾರ

ಇನ್ನು ಮುಂದೆ ಮಾತ್ರೆಯ ಸ್ಟ್ರಿಪ್‌ಗಳನ್ನು ಮನೆಗೆ ತರುವುದಿಲ್ಲ. ಇವತ್ತು ಆಟದ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು, ಚೆಂಡಿನ ಬುಟ್ಟಿಗಳ ಹಿಂದೆ ಕೂತು, ಎಲ್ಲವನ್ನೂ ಒತ್ತಿ ಒತ್ತಿ ತೆಗೆದು ವಿಟಮಿನ್ ಡಬ್ಬಿಗೆ ತುಂಬಿದೆ. ದೊಡ್ಡವು ಬಿಳಿ, ಚಿಕ್ಕವು ಹಸಿರು. ಡಬ್ಬಿಯ ಮೇಲೆ ಓಡುತ್ತಿರುವ ಒಬ್ಬನ ಚಿತ್ರವಿದೆ. ಖಾಲಿ ಸ್ಟ್ರಿಪ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೈದಾನದಾಚೆಯ ಕಸದ ತೊಟ್ಟಿಗೆ ಎಸೆದು ಬಂದೆ. ಎಸೆದ ಮೇಲೆ ಕೈ ತೊಳೆದುಕೊಂಡೆ. ಯಾಕೆ ತೊಳೆದುಕೊಂಡೆನೋ.

ಹೋದ ತಿಂಗಳು ಡಾಕ್ಟರು ಚೀಟಿ ಬರೆದುಕೊಟ್ಟು "ದಿನಾ ತಗೋಬೇಕು" ಎಂದಾಗ, ಎಷ್ಟು ದಿನ ಎಂದು ಕೇಳಿದ್ದೆ. ಅವರು ತಲೆ ಎತ್ತಿ, "ದಿನಾ ಅಂದ್ರೆ ದಿನಾ" ಎಂದರು. ಶಾಲೆಯಿಂದ ನೇರ ಹೋಗಿದ್ದರಿಂದ ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಹೊರಗೆ ಬರುವ ಮೊದಲು ಅದನ್ನು ಅಂಗಿಯ ಒಳಗೆ ಹಾಕಿಕೊಂಡೆ.

ನಾನು ಮಕ್ಕಳಿಗೆ ಹೇಳಿಕೊಂಡು ಬಂದಿರುವುದು ಒಂದೇ ಮಾತು: ಬೆವರು ಸುರಿಸುವವನ ಹತ್ತಿರ ಕಾಯಿಲೆ ಸುಳಿಯುವುದಿಲ್ಲ. ಶಾಲೆಯ ಗೋಡೆಯ ಮೇಲೆ ಅದನ್ನು ಬರೆಸಿ ಕೆಳಗೆ 'ಆಟದ ಮೇಷ್ಟ್ರು' ಎಂದು ಹಾಕಿಸಿದ್ದಾರೆ.

ಹೆಂಡತಿಗೆ ಹೇಳಿದರೆ ಅವಳು ಏನೂ ಅನ್ನುವುದಿಲ್ಲ. ಏನೂ ಅನ್ನದೆ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸುತ್ತಾಳೆ. ಅದನ್ನು ದಿನಾ ನೋಡುವುದು ನನ್ನಿಂದಾಗದು. ಈಗ ಅರ್ಧ ಕುಡಿದು ಉಳಿದದ್ದನ್ನು ಹಿತ್ತಲಲ್ಲಿ ಚೆಲ್ಲುತ್ತೇನೆ. ಈ ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಕ್ಕೂ ಮನಸ್ಸಾಗುತ್ತಿಲ್ಲ.

ಫೆಬ್ರವರಿ 9, ಶುಕ್ರವಾರ

ಮಾವನ ಕಣ್ಣಿಗೆ ಬಿದ್ದೆ.

ಅತ್ತೆ ಹೋದ ಮೇಲೆ ಮಾವ ದರ್ಜಿ ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದರು. ವರ್ಷವಾಯಿತು. ಇನ್ನೂ ನೆಂಟರ ಹಾಗೆಯೇ ಇದ್ದಾರೆ. ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಎರಡನೆಯ ಸಲ ಬಡಿಸಿದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಅವರು ನಮ್ಮಲ್ಲಿ ಕೇಳಿ ಪಡೆದದ್ದು ಒಂದೇ, ಹೊಲಿಗೆ ಮೆಷಿನ್ ಇಡಲು ಕಿಟಕಿಯ ಪಕ್ಕ ಒಂದಿಷ್ಟು ಜಾಗ.

ಬೆಳಿಗ್ಗೆ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ. ಅವರು ನನ್ನ ಪ್ಯಾಂಟನ್ನು ಮಡಿಲಲ್ಲಿ ಹಾಕಿಕೊಂಡು ಸೊಂಟ ಬಿಗಿ ಮಾಡುತ್ತಿದ್ದರು.

"ಎರಡಿಂಚು ಇಳಿದಿದೀರಿ ಅಳಿಯಂದ್ರೆ. ಈ ವಯಸ್ಸಲ್ಲಿ ಗಂಡಸರ ಸೊಂಟ ಏರೋದನ್ನೇ ನಾನು ಕಂಡಿರೋದು. ಏನು ಗುಟ್ಟು?"

"ಗುಟ್ಟೇನಿಲ್ಲ ಮಾವ."

"ಅದೇನು ದಿನಾ ತಗೋತೀರಲ್ಲ?"

"ಶಕ್ತಿ ಮಾತ್ರೆ. ಆಟಗಾರರು ತಗೊಳ್ಳೋದು. ನನಗೇನು ಬೇಕಿರಲಿಲ್ಲ. ಆದ್ರೂ, ಮೈ ಹಗುರ ಇರುತ್ತೆ."

ಅಡುಗೆಮನೆಯಿಂದ ಹೆಂಡತಿ, "ಆ ಶಕ್ತಿಯಿಂದ ಸ್ವಲ್ಪ ಈ ಕಪಾಟು ಸರಿಸಿಕೊಡ್ರೀ, ವಾರದಿಂದ ಹೇಳ್ತಿದೀನಿ" ಎಂದಳು. ಮೂವರೂ ನಕ್ಕೆವು. ಕಪಾಟು ಸರಿಸಿಯೇ ಶಾಲೆಗೆ ಹೋದೆ.

ಶಕ್ತಿ ಮಾತ್ರೆ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. 'ನನಗೇನು ಬೇಕಿರಲಿಲ್ಲ' ಎಂಬ ಮಾತನ್ನು ಯಾರು ಕೇಳಿದ್ದರು?

ಫೆಬ್ರವರಿ 14, ಬುಧವಾರ

ಶಿಕ್ಷಕರ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಊಟದ ಡಬ್ಬಿಯ ಪಕ್ಕ ತಮ್ಮ ಮಾತ್ರೆಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಾರೆ. ಯಾರಿದ್ದರೂ ಅಷ್ಟೇ, ಯಾರಿಲ್ಲದಿದ್ದರೂ ಅಷ್ಟೇ. "ಏನ್ ಮೇಷ್ಟ್ರೇ, ಅಂಗಡಿ ತೆರೆದ್ರಾ?" ಎಂದು ನಾನು ಹಲವು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅವರು "ಗಿರಾಕಿ ನಾನೊಬ್ಬನೇ" ಎನ್ನುತ್ತಾರೆ.

ಇವತ್ತು ಅವರೇ ನನ್ನ ಪಕ್ಕ ಬಂದು ಮೆಲ್ಲಗೆ, "ನೀರು ಜಾಸ್ತಿ ಕುಡೀತಿದೀರಲ್ಲ. ಸುಮ್ಮನೆ ಒಂದ್ಸಲ ಸಕ್ಕರೆ ಪರೀಕ್ಷೆ ಮಾಡಿಸಿ" ಎಂದರು.

ಮೆಲ್ಲಗೆ ಹೇಳಿದ್ದಕ್ಕೆ ನಾನು ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟೆ. "ನಿಮ್ಮ ಕಾಯಿಲೆ ನಮಗೆ ಅಂಟಿಸಬೇಡಿ ಮೇಷ್ಟ್ರೇ. ಮೈದಾನಕ್ಕೆ ಬಂದು ನಾಲ್ಕು ಸುತ್ತು ಓಡಿ, ಅಂಗಡಿ ತಾನಾಗೇ ಮುಚ್ಚುತ್ತೆ."

ಎಲ್ಲರೂ ನಕ್ಕರು. ಅವರೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಡಬ್ಬಿ ಮುಚ್ಚಿ ತರಗತಿಗೆ ಹೋದರು. ಮೊಸರನ್ನ ಹಾಗೇ ಉಳಿದಿತ್ತೋ ಏನೋ, ಡಬ್ಬಿ ಭಾರವಾಗಿದ್ದಂತೆ ಕಂಡಿತು.

ಫೆಬ್ರವರಿ 20, ಮಂಗಳವಾರ

ಹಸಿರು ಮಾತ್ರೆಗಳು ಆಗಲೇ ಮುಗಿಯುತ್ತ ಬಂದಿವೆ. ಬಿಳಿಯವು ಇನ್ನೂ ಬೇಕಾದಷ್ಟಿವೆ. ಎರಡನ್ನೂ ಸಮವಾಗಿ ಕೊಂಡಿದ್ದೆ.

ಶಾಲೆ ಬಿಟ್ಟ ಮೇಲೆ ಮೆಡಿಕಲ್‌ಗೆ ಹೋದೆ. ನಮ್ಮ ಬೀದಿಯ ಅಂಗಡಿಯಲ್ಲ. ಬಸ್ಸಿನಲ್ಲಿ ಹೋಗಿ ಕೊಳ್ಳುವ ಅಂಗಡಿ. ಹಸಿರಿನದು ಕಡಿಮೆ ಕೊಟ್ಟಿದ್ದೀರಿ ಎಂದೆ.

ಅಂಗಡಿಯವನು, "ಸ್ಟ್ರಿಪ್ ತೋರಿಸಿ ಸಾರ್" ಎಂದ.

"ಬಿಸಾಕಿದೆ."

"ಬಿಸಾಕಿಬಿಟ್ಟು ಕಮ್ಮಿ ಬಿತ್ತು ಅಂದ್ರೆ? ಈಗ ನಾನು ಬಂದು ನಿಮ್ಮೂರ ತೊಟ್ಟಿ ಹುಡುಕಲಾ?"

ಹಿಂದೆ ನಿಂತಿದ್ದವರು ಕಿಸಕ್ಕೆಂದರು. ನನ್ನ ಧ್ವನಿ ಮೈದಾನದ ಧ್ವನಿಯಾಯಿತು. ಏನೇನು ಹೇಳಿದೆನೋ ಬರೆಯಲಾರೆ. ಅವನು ಪೂರ್ತಿ ಕೇಳಿಸಿಕೊಂಡು, ಹೊಸ ಸ್ಟ್ರಿಪ್ ಮುಂದಿಟ್ಟು, ಬೇರೆಯೇ ಧ್ವನಿಯಲ್ಲಿ, "ಸಾರ್, ಕೆಲವರು ತಗೊಂಡಿದ್ದು ಮರೆತು ಇನ್ನೊಂದು ತಗೊಂಡುಬಿಡ್ತಾರೆ. ಈ ಹಸಿರಿನದು ಮಾತ್ರ ಹಾಗಾಗಬಾರದು. ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ನಿಗಾ ಇರಲಿ" ಎಂದ.

ನನಗೆ ಮರೆವಿಲ್ಲ ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಇರಬಹುದೇನೋ ಅನ್ನಿಸಿತು. ವಯಸ್ಸು ಹೀಗೂ ಶುರುವಾಗುತ್ತದೆಯೇ? ಹೊಸದನ್ನೂ ಡಬ್ಬಿಗೆ ಹಾಕಿದೆ. ಮರೆತು ಹೆಚ್ಚು ನುಂಗಿದ್ದರೆ ಎಂಬ ಭಯಕ್ಕೆ ಎರಡು ದಿನ ಏನನ್ನೂ ತೆಗೆದುಕೊಳ್ಳದೆ ನೋಡುತ್ತೇನೆ.

ಫೆಬ್ರವರಿ 24, ಶನಿವಾರ

ಮಾವನಿಗೆ ವಯಸ್ಸಾಗುತ್ತಿದೆ. ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಹಣೆಯ ಮೇಲೆ ಬೆವರು. ದಾರ ನಾನು ಪೋಣಿಸಿಕೊಟ್ಟೆ. ಆಮೇಲೆ ನೋಡಿದರೆ ಮೆಷಿನ್ನಿನ ಖಾನೆಯಿಂದ ಬಿಸ್ಕತ್ತು ತೆಗೆದು ಎರಡೆರಡು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದಾರೆ, ಮಕ್ಕಳ ಹಾಗೆ. ನನ್ನನ್ನು ಕಂಡು ಖಾನೆ ಮುಚ್ಚಿದರು.

"ಕೂತು ಕೂತು ಹೀಗಾಗಿದೆ ಮಾವ. ದಿನಾ ನಡೀಬೇಕು."

"ನಡೀಬೇಕು ಅಂತಾನೇ ನನಗೂ ಆಸೆ. ಶಕ್ತಿ ಸಾಲ್ತಿಲ್ಲ ಅಳಿಯಂದ್ರೆ."

"ನಡೆದ್ರೆ ಶಕ್ತಿ ಬರುತ್ತೆ. ಶಕ್ತಿ ಬಂದ ಮೇಲೆ ನಡೀತೀನಿ ಅಂದ್ರೆ ಆಗಲ್ಲ."

ಅವರು ತಲೆಯಾಡಿಸಿದರು. ಇದೇ ಪಾಠವನ್ನು ನಾನು ದಪ್ಪ ಮಕ್ಕಳಿಗೂ ಮಾಡುತ್ತೇನೆ. ಅವರೂ ಹೀಗೇ ತಲೆಯಾಡಿಸುತ್ತಾರೆ.

ಫೆಬ್ರವರಿ 28, ಬುಧವಾರ

ಹಸಿರಿನವು ಮತ್ತೆ ಕಡಿಮೆಯಾಗಿವೆ. ನನ್ನ ತಲೆಯೇ ಸರಿಯಿಲ್ಲ. ಯಾರನ್ನು ಕೇಳಲಿ?

ಮಾರ್ಚ್ 1, ಶುಕ್ರವಾರ

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೆಂಡತಿ ಕೂಗಿದ್ದು ಕೇಳಿ ಓಡಿದೆ. ಮಾವ ಮೆಷಿನ್ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಅಂಗಿ ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆ. ಕಣ್ಣು ತೆರೆದಿತ್ತು, ಮಾತು ತೊದಲುತ್ತಿತ್ತು, ಮಗಳನ್ನು ಅತ್ತೆಯ ಹೆಸರಿನಿಂದ ಕರೆಯುತ್ತಿದ್ದರು. ಪಾರ್ಶ್ವವಾಯು ಎಂದುಕೊಂಡೆವು. ಎತ್ತಿಕೊಂಡು ಆಟೋಗೆ ಹಾಕಿದೆ. ಎತ್ತುವಾಗ ಅವರು ಎಷ್ಟು ಹಗುರ ಎಂದು ಗೊತ್ತಾಯಿತು.

ಬೆರಳು ಚುಚ್ಚಿ ನೋಡಿದ ಡಾಕ್ಟರಮ್ಮ ಕೂಡಲೇ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆಲ್ಲ ಮಾವ ಕಣ್ಣರಳಿಸಿ, ಯಾಕೆ ಎಲ್ಲರೂ ನಿಂತಿದ್ದೀರಿ ಎಂದು ಕೇಳಿದರು. ಹೆಂಡತಿ ಅತ್ತಳು, ನಕ್ಕಳು.

"ಸಕ್ಕರೆ ತೀರಾ ಇಳಿದುಹೋಗಿತ್ತು" ಎಂದರು ಡಾಕ್ಟರಮ್ಮ. "ಇವರಿಗೆ ಸಕ್ಕರೆ ಕಾಯಿಲೆ ಇದೆಯಾ? ಅದಕ್ಕೆ ಮಾತ್ರೆ ತಗೋತಾರಾ?"

"ಇಲ್ಲ ಡಾಕ್ಟ್ರೇ."

"ಮನೇಲಿ ಬೇರೆ ಯಾರಾದ್ರೂ? ಕೆಲವು ಸಲ ಅದಲು ಬದಲು ಆಗುತ್ತೆ."

"ನಮ್ಮನೇಲಿ ಯಾರಿಗೂ ಇಲ್ಲ" ಎಂದಳು ಹೆಂಡತಿ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವರು ಆಟದ ಮೇಷ್ಟ್ರು" ಎಂದಳು.

ಡಾಕ್ಟರಮ್ಮ ನನ್ನನ್ನು ನೋಡಿದರು. ಹಸಿರು ಮಾತ್ರೆಗಳು ಎಲ್ಲಿ ಹೋದವು ಎಂದು ನನಗೆ ಆ ಹೊತ್ತಿಗೇ ಗೊತ್ತಾಯಿತು. ನಾನು ಬಾಯಿ ತೆರೆಯಲಿಲ್ಲ. ಮಾವ ಎದ್ದು ಕೂತು ನೀರು ಕೇಳುತ್ತಿದ್ದರಲ್ಲ. ಅಪಾಯ ಕಳೆಯಿತು ಎಂದುಕೊಂಡೆ. ಇನ್ನು ಮೇಲೆ ಡಬ್ಬಿಯನ್ನು ಶಾಲೆಯಲ್ಲೇ ಇಟ್ಟರಾಯಿತು ಎಂದುಕೊಂಡೆ. ಹೌದು, ಅಲ್ಲಿ ನಿಂತೇ ಇದನ್ನೂ ಯೋಚಿಸಿದೆ.

ಇದೇ ದಿನ, ಸಂಜೆ

ಹೆಂಡತಿ ಬಟ್ಟೆ ತರಲು ಮನೆಗೆ ಹೋಗಿದ್ದಳು. ಮಾವ ಸನ್ನೆ ಮಾಡಿ ಹತ್ತಿರ ಕರೆದರು.

"ಅಳಿಯಂದ್ರೆ, ಒಂದು ವಿಷಯ. ಪುಟ್ಟಿಗೆ ಹೇಳಬೇಡಿ. ನಾನು ನಿಮ್ಮ ಡಬ್ಬಿಗೆ ಕೈ ಹಾಕಿದ್ದೆ."

ಪುಟ್ಟಿ ಎಂದರೆ ನನ್ನ ಹೆಂಡತಿ, ಅವರು ಮಗಳನ್ನು ಕರೆಯುವುದು ಹಾಗೆ.

"ಬಿಳಿದು ದೊಡ್ಡದು, ಗಂಟಲಲ್ಲಿ ಇಳಿಯಲ್ಲ. ಚಿಕ್ಕದನ್ನೇ ತಗೋತಿದ್ದೆ. ಮೊದಲು ದಿನ ಬಿಟ್ಟು ದಿನ. ಆಮೇಲೆ ಮೈಯಲ್ಲಿ ನಡುಕ ಬಂತು, ಶಕ್ತಿ ಸಾಲ್ತಿಲ್ಲ ಅಂತ ಈ ವಾರ ಎರಡೆರಡು. ಕೇಳೋದಕ್ಕೆ ಬಾಯಿ ಬರಲಿಲ್ಲ ನೋಡಿ. ಮಗಳ ಮನೇಲಿ ಕೂತು ಉಣ್ಣೋನು, ಮೇಲೆ ಅಳಿಯನ ಶಕ್ತಿ ಮಾತ್ರೆನೂ ಬೇಕು ಅಂದ್ರೆ ಚೆನ್ನಾಗಿರಲ್ಲ. ಕದ್ದೆ. ಈ ವಯಸ್ಸಲ್ಲಿ."

"ಇರಲಿ ಬಿಡಿ ಮಾವ."

"ನಿಮ್ಮ ಜೊತೆ ಒಂದು ದಿನ ಮೈದಾನದ ತನಕ ನಡ್ಕೊಂಡು ಬರೋಣ ಅಂತಿದ್ದೆ. ಮಕ್ಕಳಿಗೆ ನೀವು ಹೇಳಿಕೊಡೋದನ್ನ ನೋಡೋಣ ಅಂತ." ನನ್ನ ಕೈ ಹಿಡಿದುಕೊಂಡರು. "ಪುಟ್ಟಿಗೆ ಗೊತ್ತಾದ್ರೆ ಆ ಮನೇಲಿ ತಲೆ ಎತ್ತೋಕಾಗಲ್ಲ. ದೊಡ್ಡ ಮನಸ್ಸು ಮಾಡಿ."

ದೊಡ್ಡ ಮನಸ್ಸು ಮಾಡಿದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರ ಮಾನ ಕಾಯುವುದಕ್ಕಾಗಿ ಸುಮ್ಮನಿದ್ದೇನೆ ಎಂದು ಈಗ ನನಗೆ ನಾನೇ ಹೇಳಿಕೊಳ್ಳಬಹುದು. ಎಷ್ಟು ಅನುಕೂಲ.

ಮಾರ್ಚ್ 2, ಶನಿವಾರ

ಬೆಳಿಗ್ಗೆ ಮತ್ತೆ ಇಳಿಯಿತು. ತಿಂಡಿ ತಿಂದ ಮೇಲೂ ಇಳಿಯಿತು. ಮಾವ ನರ್ಸಮ್ಮನಿಗೆ ಅಂಗಿಯ ಅಳತೆ ಹೇಳಲು ಶುರು ಮಾಡಿದರು, ಕಣ್ಣು ಎಲ್ಲೋ ಇತ್ತು. ಮತ್ತೆ ಗ್ಲೂಕೋಸ್.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕಾರಿಡಾರಿಗೆ ಕರೆದರು. "ಮಾತ್ರೆ ತಗೊಳ್ಳದೆ ಇರೋರಿಗೆ ಹೀಗೆ ಮತ್ತೆ ಮತ್ತೆ ಆಗಬಾರದು. ಹೊಟ್ಟೆಯೊಳಗೆ ಸಣ್ಣ ಗೆಡ್ಡೆ ಇದ್ರೂ ಹೀಗಾಗಬಹುದು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದಿಟ್ಟಿದೀನಿ. ಸ್ಕ್ಯಾನ್ ಮಾಡಿ, ಆಮೇಲೆ ಏನು ಅಂತ ಅವರು ನೋಡ್ತಾರೆ."

"ಗೆಡ್ಡೆ" ಎಂದಳು ಹೆಂಡತಿ. ಅವಳ ಅಮ್ಮ ಹೋದದ್ದು ಅದರಿಂದಲೇ. ಗೋಡೆಗೆ ಕೈ ಕೊಟ್ಟಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಾಗೇ ನಿಂತಳು.

ನಾನು ಹೇಳಿದೆ. ಹೇಗೆ ಹೇಳಿದೆನೋ ಅದನ್ನೇ ಬರೆಯುತ್ತೇನೆ.

"ಗೆಡ್ಡೆ ಇಲ್ಲ ಡಾಕ್ಟ್ರೇ. ನನಗೆ ಸಕ್ಕರೆ ಕಾಯಿಲೆ ಇದೆ. ನನ್ನ ಮಾತ್ರೆ ಅವರ ಹೊಟ್ಟೆಗೆ ಹೋಗಿದೆ. ಹಸಿರಿನದು. ಮೊದಲು ದಿನ ಬಿಟ್ಟು ದಿನ, ಈ ವಾರ ಎರಡೆರಡು."

ಡಾಕ್ಟರಮ್ಮ ಮಾತ್ರೆಯ ಹೆಸರು ಕೇಳಿದರು. ಹೇಳಿದೆ. "ಹೇಗೆ ಹೋಯ್ತು ಅವರ ಹೊಟ್ಟೆಗೆ?" ಎಂದು ಕೇಳಿದರು.

"ನಾನೇ ಕೊಟ್ಟೆ. ವಿಟಮಿನ್ ಡಬ್ಬಿಯಲ್ಲಿಟ್ಟಿದ್ದೆ. ಅದರಿಂದಲೇ ತೆಗೆದುಕೊಟ್ಟೆ."

"ನಿನ್ನೆ ನಾನು ಕೇಳಿದಾಗ ನೀವು ಅಲ್ಲೇ ನಿಂತಿದ್ರಿ."

"ಹೌದು."

"ಈ ಮಾತ್ರೆ ವಯಸ್ಸಾದವರ ಮೈಯಿಂದ ಬೇಗ ಹೋಗಲ್ಲ. ನಿನ್ನೆ ಸಂಜೆ ನಾನು ಇವರನ್ನ ಮನೆಗೆ ಕಳಿಸಿದ್ದಿದ್ರೆ, ಬೆಳಿಗ್ಗೆ ನೀವು ಎಬ್ಬಿಸೋಕೆ ಹೋಗಿ..." ಅವರು ಮಾತು ಮುಗಿಸಲಿಲ್ಲ. ಒಳಗೆ ಹೋಗಿ ಚೀಟಿ ಹರಿದು ಬೇರೆ ಬರೆದರು.

ಹೆಂಡತಿ ಬಾಯಿಂದ ಸೆರಗು ತೆಗೆದು, "ಯಾವಾಗಿನಿಂದ?" ಎಂದಳು.

"ಜನವರಿಯಿಂದ."

"ಕಾಯಿಲೆ ಕೇಳಲಿಲ್ಲ. ನಮ್ಮಪ್ಪನಿಗೆ ಯಾವಾಗಿನಿಂದ ಕೊಡ್ತಿದ್ರಿ?"



ಮಾರ್ಚ್ 3, ಭಾನುವಾರ

ನಿನ್ನೆಯದನ್ನು ಓದಿದೆ. 'ನಾನೇ ಕೊಟ್ಟೆ' ಎಂದದ್ದು ಸುಳ್ಳು. ಮಾತ್ರೆ ಯಾವುದು, ಎಷ್ಟು ಎನ್ನುವುದೆಲ್ಲ ಸರಿ ಇದೆ, ಅವರಿಗೆ ಬೇಕಾದದ್ದು ಅಷ್ಟೇ. ಆದರೂ ನಿಜ ಹೇಳುವಾಗಲೂ ಒಂದು ಸುಳ್ಳನ್ನು ಸೇರಿಸದೆ ನನಗೆ ಮಾತಾಡಲು ಬರುವುದಿಲ್ಲ. ಅಭ್ಯಾಸವಾಗಿಹೋಗಿದೆ.

ಮಾವನ ಸಕ್ಕರೆ ಇಳಿಯುವುದು ನಿಂತಿದೆ. ನಾಳೆ ಬಿಡುತ್ತಾರಂತೆ. ಡಾಕ್ಟರಮ್ಮ ನನ್ನ ಬೆರಳನ್ನೂ ಚುಚ್ಚಿ ನೋಡಿ, "ನಿಮ್ಮದು ಆಕಾಶದಲ್ಲಿದೆ. ಇವರಿಗೆ ತಿನ್ನಿಸಿ ನೀವು ಬಿಟ್ರಾ?" ಎಂದು ಗದರಿದರು. ತಿದ್ದಲಿಲ್ಲ.

ಮಾರ್ಚ್ 6, ಬುಧವಾರ

ಮನೆಯಲ್ಲಿ ಚಹಾಕ್ಕೆ ಸಕ್ಕರೆ ಇಲ್ಲ. ಬಡಿಸುತ್ತಾಳೆ, ಮಾತಿಲ್ಲ. ಮಾವನ ಮಂಚವನ್ನು ಅಡುಗೆಮನೆಯ ಪಕ್ಕಕ್ಕೆ ತಾನೇ ಎಳೆದುಕೊಂಡಳು. ಹಿಡಿಯಲು ಹೋದರೆ "ಬೇಡ" ಎಂದಳು. ಇವತ್ತು ಮಾವ ಕೆಮ್ಮಿದಾಗ ಲೋಟದಲ್ಲಿ ನೀರು ತಂದುಕೊಟ್ಟೆ. ಅವಳು ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಆ ನೀರನ್ನು ಚೆಲ್ಲಿ, ಬೇರೆ ನೀರು ತುಂಬಿ ಕೊಟ್ಟಳು.

"ಇನ್ನು ಮೇಲೆ ಅಪ್ಪನಿಗೆ ನೀರು ಕೊಡೋದೂ ನಾನೇ."

ಮಾವ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರಿಗೇನೂ ಅರ್ಥವಾಗಲಿಲ್ಲ ಎಂದು ಕಾಣುತ್ತದೆ.

ಮಾರ್ಚ್ 8, ಶುಕ್ರವಾರ

ಊಟದ ಹೊತ್ತಿಗೆ ಲೆಕ್ಕದ ಮೇಷ್ಟ್ರ ಪಕ್ಕ ಕೂತು ನನ್ನ ಸ್ಟ್ರಿಪ್‌ಗಳನ್ನು ಹೊರಗಿಟ್ಟೆ. ಆವತ್ತು ನಾನು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ವಾಕ್ಯ ಜೋಡಿಸಿಕೊಂಡು ಹೋಗಿದ್ದೆ.

ಅವರು ಸ್ಟ್ರಿಪ್ ತಿರುಗಿಸಿ ಓದಿ, "ಓಹೋ, ನಮ್ಮದೇ ಕಂಪನಿ" ಎಂದರು. "ಊಟಕ್ಕೆ ಮುಂಚೆನೋ, ಆಮೇಲೋ?"

"ಮುಂಚೆ."

"ಹಾಗಾದ್ರೆ ಮೊದಲು ನುಂಗಿ. ಮಾತು ಆಮೇಲೆ ಆಡಿದ್ರಾಯ್ತು."

ಮಾತು ಆಮೇಲೂ ಆಡಲಾಗಲಿಲ್ಲ. ಊಟ ಮುಗಿಸಿ ಬಂದೆ.

ಮಾರ್ಚ್ 10, ಭಾನುವಾರ

ಬೆಳಿಗ್ಗೆ ಮಾವ ಮೆಷಿನ್ ಪಕ್ಕ ಕೂತಿದ್ದರು. ಹೊಲಿಯುತ್ತಿರಲಿಲ್ಲ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಾನು ದಾಟಿಹೋಗುವಾಗ, "ಇಲ್ಲಿ ಕೂತ್ಕೊಳ್ಳಿ" ಎಂದರು. ಅವರು ನನಗೆ ಹಾಗೆ ಹೇಳಿದ್ದು ಇದುವರೆಗೆ ಇಲ್ಲ. ಕೂತೆ.

"ನೀವು ಕೊಟ್ರಿ ಅಂತ ಹೇಳಿದೀರಂತೆ."

"ಹೌದು."

"ಪುಟ್ಟಿ ರಾತ್ರಿ ಹೇಳ್ತಿದ್ಲು. ನಿಮ್ಮ ಅಳಿಯನ್ನ ನಾನು ಹೇಗೆ ನಂಬಲಿ ಅಪ್ಪಾ, ಅಂತ. ನಾನು ಅದಕ್ಕೂ ಸುಮ್ಮನಿದ್ದೆ." ಸ್ವಲ್ಪ ಹೊತ್ತು ಬಟ್ಟೆಯ ಮೇಲೆ ಬೆರಳು ಆಡಿಸಿದರು. "ಯಾಕೆ ಹಾಗಂದ್ರಿ?"

"ಬಾಯಿಗೆ ಬಂತು."

"ಬಾಯಿಗೆ ಬರೋ ಮಾತಲ್ಲ ಅದು."

"ನೀವು ಈ ಮನೇಲಿ ಇರಬೇಕು ಮಾವ. ತಲೆ ಎತ್ತಿಕೊಂಡು ಇರಬೇಕು. ನಾನು ಮಾಡಿದ್ದಕ್ಕೆ ಹೋಲಿಸಿದ್ರೆ ನಿಮ್ಮದೇನೂ ಇಲ್ಲ. ಡಬ್ಬಿಯಲ್ಲಿ ಸುಳ್ಳು ತುಂಬಿದ್ದು ನಾನು."

"ನೀವೂ ಇರಬೇಕಲ್ಲ ಈ ಮನೇಲಿ?" ಎಂದರು.

ನಾನು ಬೇಡ ಎನ್ನುವಷ್ಟರಲ್ಲಿ ಅವರು ಹಿತ್ತಲ ಕಡೆ ತಿರುಗಿ ಕರೆದರು. ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಎದ್ದುಹೋಗಬೇಕು ಅನ್ನಿಸಿತು. ಆದರೂ ಕೂತೇ ಇದ್ದೆ.

"ಪುಟ್ಟಿ, ಅವರು ಕೊಡಲಿಲ್ಲ. ನಾನು ಕದ್ದು ತಿಂದೆ. ಕೇಳೋಕೆ ನಾಚಿಕೆಯಾಯ್ತು, ಅದಕ್ಕೆ ಕದ್ದೆ. ಹೇಳೋಕೂ ನಾಚಿಕೆಯಾಯ್ತು, ಅದಕ್ಕೆ ಅವರ ಮೇಲೆ ಹಾಕಿ ಕೂತಿದ್ದೆ."

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡೆ. ಧ್ವನಿ ಏರಲಿಲ್ಲ.

"ನಾನೇನು ಪೊಲೀಸಾ ಈ ಮನೇಲಿ? ಒಬ್ಬರು ಕಾಯಿಲೆ ಬಚ್ಚಿಡ್ತೀರಿ, ಒಬ್ಬರು ಸುಸ್ತಾದ್ರೆ ಬಚ್ಚಿಡ್ತೀರಿ. ಆಮೇಲೆ ಒಬ್ಬರನ್ನೊಬ್ಬರು ಕಾಪಾಡ್ತೀರಿ. ಯಾರಿಂದ? ನನ್ನಿಂದನಾ? ನಾನು ಅಷ್ಟು ಕೆಟ್ಟವಳಾ ಅಪ್ಪ?"

ಮಾವ ಇಲ್ಲ ಎಂದು ತಲೆಯಾಡಿಸಿದರು. ಇಷ್ಟು ದಿನ ನಾನು ನನ್ನ ಮರ್ಯಾದೆಯ ಬಗ್ಗೆ, ಆಮೇಲೆ ಮಾವನ ಮರ್ಯಾದೆಯ ಬಗ್ಗೆ ಯೋಚಿಸಿದೆ. ಅವಳು ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತದ್ದನ್ನು ಬರೆದೆನೇ ಹೊರತು, ಹಿಂದಿನ ದಿನವಿಡೀ ಅವಳನ್ನು ಹಾಗೆ ನಿಲ್ಲಿಸುವುದಕ್ಕೆ ತಯಾರಿದ್ದೆ ಎಂದು ಬರೆಯಲಿಲ್ಲ. ಬರೆಯುತ್ತಿದ್ದೇನೆ.

ಅವಳು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದಳು.

"ಇವತ್ತಿನದು ತಗೊಂಡ್ರಾ?"

"ಇಲ್ಲ."

"ಎಲ್ಲಿದೆ?"

ಜೇಬಿನಿಂದ ಸ್ಟ್ರಿಪ್ ತೆಗೆದೆ. ಕೈ ಬೆವರಿತ್ತು, ಮಾತ್ರೆ ಬೇಗ ಬಿಡಲಿಲ್ಲ. ಅವಳು ಅದನ್ನು ಕೇಳಿ ತೆಗೆದುಕೊಂಡು ತಾನು ಒತ್ತಲಿಲ್ಲ, ನಿಂತು ನೋಡುತ್ತಿದ್ದಳು. ಮಾವ ಕಿಟಕಿಯ ಕಡೆ ತಿರುಗಿಕೊಂಡರು. ಬಾಯಿಗೆ ಹಾಕಿ ನೀರು ಕುಡಿದೆ. ಅವಳ ಕಣ್ಣು ನನ್ನ ಗಂಟಲ ಮೇಲೇ ಇತ್ತು. ಅಷ್ಟು ಚಿಕ್ಕ ಮಾತ್ರೆ ಇಳಿಯಲು ಇನ್ನೊಂದು ಗುಟುಕು ಬೇಕಾಯಿತು.

"ಬಾಯಿ ತೋರಿಸಿ" ಎಂದಳು.

ತೋರಿಸಿದೆ.